ಸರಿಯುತ್ತರವಿಲ್ಲದ ಪರೀಕ್ಷೆ: ಇಮೇಜ್ ಫ್ಯೂಷನ್ ಸಂಶೋಧನೆ ನಡೆದು ಬಂದ ದಾರಿ

ಅಹಮದಾಬಾದಿನ ಉತ್ತರದ ಅಂಚಿನಲ್ಲಿ, ಗಾಂಧಿನಗರದ ದಾರಿಗೆ ಹೊಂದಿಕೊಂಡು ಚಾಂದ್‌ಖೇಡಾ ಇದೆ. ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯದ ಆವರಣ ಇರುವುದು ಇಲ್ಲೇ. ವಿಶ್ವಕರ್ಮ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇಲ್ಲೇ. ದಕ್ಷಿಣಕ್ಕೆ ಹೋದರೆ ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ, ಎಲ್ಲರೂ ಕರೆಯುವಂತೆ ಸ್ಯಾಕ್. ಉತ್ತರಕ್ಕೆ ಹೋದರೆ ಗಾಂಧಿನಗರದಲ್ಲಿ ಡಿಎ-ಐಐಸಿಟಿ ಎಂದೇ ಹೆಸರಾದ ವಿದ್ಯಾಸಂಸ್ಥೆ. ಎರಡು ಕ್ಯಾಮೆರಾ ಕಂಡದ್ದನ್ನು ಒಂದೇ ಚಿತ್ರವಾಗಿ ಬೆಸೆಯುವ ವಿದ್ಯೆಗೆ ಇಮೇಜ್ ಫ್ಯೂಷನ್ ಎಂದು ಹೆಸರು. ಈ ಭಾಗದ ಎಂ.ಟೆಕ್ ವಿದ್ಯಾರ್ಥಿಗೆ ಅದು ದೂರದ ಪಠ್ಯಪುಸ್ತಕದ ವಿಷಯವಲ್ಲ. ತನ್ನದೇ ಊರಿನಲ್ಲಿ ತಯಾರಾಗುವ ಉಪಗ್ರಹ ಕ್ಯಾಮೆರಾಗಳು ಒಡ್ಡಿದ ಸವಾಲು.

ಆ ಕ್ಯಾಮೆರಾಗಳ ಹಿಂದೆ ಕನ್ನಡಿಗರ ದುಡಿಮೆಯೂ ಇದೆ. ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್ 1975ರಲ್ಲಿ ಸ್ಯಾಕ್ ಸೇರಿ, ದಶಕಗಳ ಕಾಲ ಇಂಥ ಉಪಕರಣಗಳ ವಿನ್ಯಾಸದಲ್ಲೇ ತೊಡಗಿದ್ದರು. 2012ರಲ್ಲಿ ಅದರ ನಿರ್ದೇಶಕರೂ 2015ರಲ್ಲಿ ಇಸ್ರೋ ಅಧ್ಯಕ್ಷರೂ ಆದರು. ಕ್ಯಾಮೆರಾ ಅಹಮದಾಬಾದಿನದು, ಉಪಗ್ರಹ ಬೆಂಗಳೂರಿನದು. ಫ್ಯೂಷನ್ ಸಂಶೋಧನೆಯ ಭಾರತೀಯ ಅಧ್ಯಾಯದ ಒಂದು ಭಾಗವೂ ಈ ಎರಡು ಊರುಗಳ ನಡುವೆ ಬೆಳೆದಿದೆ. ಈ ಸಂಶೋಧನೆಯನ್ನು ಮೊದಲಿನಿಂದ ಇಂದಿನವರೆಗೆ ನಡೆಸಿದ್ದು ಒಂದೇ ತೊಡಕು: ಬೆಸೆದ ಚಿತ್ರ ಹೇಗಿರಬೇಕೆಂಬ ಸರಿಯುತ್ತರ ಯಾರ ಕೈಯಲ್ಲೂ ಇಲ್ಲ.

ಕ್ಯಾಮೆರಾ ಕೇಳಿದ ಪ್ರಶ್ನೆ

1995ರ ಡಿಸೆಂಬರ್ 28ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಸಿ ಉಪಗ್ರಹವನ್ನೇ ನೋಡಿ. ಅದರ ಪ್ಯಾನ್ ಕ್ಯಾಮೆರಾ ನೆಲವನ್ನು 5.8 ಮೀಟರ್ ಚೌಕಗಳಲ್ಲಿ ಕಾಣುತ್ತಿತ್ತು, ಆದರೆ ಕಪ್ಪು ಬಿಳುಪಿನಲ್ಲಿ. ಬಣ್ಣದ ಲಿಸ್-3 ಕ್ಯಾಮೆರಾಕ್ಕೆ ಕಾಣುತ್ತಿದ್ದದ್ದು 23.5 ಮೀಟರ್ ಚೌಕ. ಅಂದರೆ ಬಣ್ಣದ ಒಂದು ಪಿಕ್ಸೆಲ್ ಬೀಳುವ ಜಾಗದಲ್ಲಿ ಪ್ಯಾನ್‌ನ ಸುಮಾರು 16 ಪಿಕ್ಸೆಲ್‌ಗಳು. ಇದು ವಿನ್ಯಾಸದ ದೋಷವಲ್ಲ, ಬೆಳಕಿನ ಲೆಕ್ಕಾಚಾರ. ಬಣ್ಣ ಬೇರ್ಪಡಿಸಬೇಕಾದರೆ ತರಂಗಗಳ ಕಿರಿದಾದ ಪಟ್ಟಿಯನ್ನಷ್ಟೇ ಒಳಗೆ ಬಿಡಬೇಕು; ಹಾಗೆ ಬಿಟ್ಟಾಗ ಸಂವೇದಕಕ್ಕೆ ಸಿಗುವ ಬೆಳಕು ಕಡಿಮೆ; ಸಾಕಷ್ಟು ಬೆಳಕು ಬೇಕೆಂದರೆ ಪಿಕ್ಸೆಲ್ ದೊಡ್ಡದಾಗಲೇಬೇಕು. 2019ರ ನವೆಂಬರಿನಲ್ಲಿ ಹಾರಿದ ಕಾರ್ಟೊಸ್ಯಾಟ್-3ರ ನೋಟ ಎಷ್ಟೋ ಪಟ್ಟು ಚೂಪಾದರೂ ಅದರ ಪ್ಯಾನ್‌ಗೂ ಬಣ್ಣಕ್ಕೂ ಇರುವ ಅಂತರ ಇಂದಿಗೂ ಹೆಚ್ಚುಕಡಿಮೆ ನಾಲ್ಕು ಪಟ್ಟೇ.

ಪ್ಯಾನ್‌ನ ಚೂಪನ್ನೂ ಲಿಸ್‌ನ ಬಣ್ಣವನ್ನೂ ಒಂದುಗೂಡಿಸುವ ಕೆಲಸಕ್ಕೆ ಪ್ಯಾನ್‌ಶಾರ್ಪನಿಂಗ್ ಎನ್ನುತ್ತಾರೆ. ಆರಂಭದ ವಿಧಾನ ಸರಳವಾಗಿತ್ತು. ಬಣ್ಣದ ಚಿತ್ರದಿಂದ ಹೊಳಪನ್ನು ಬೇರ್ಪಡಿಸಿ, ಅದರ ಜಾಗದಲ್ಲಿ ಪ್ಯಾನ್ ಕೂರಿಸುವುದು. ನೋಡಲು ಚಿತ್ರ ಅಂದವಾಗಿ ಕಾಣುತ್ತಿತ್ತು, ಬಣ್ಣ ಮಾತ್ರ ಕೆಡುತ್ತಿತ್ತು. ಐಆರ್‌ಎಸ್-1ಸಿಯ ಪ್ಯಾನ್ ನೋಡುತ್ತಿದ್ದದ್ದು 0.50ರಿಂದ 0.75 ಮೈಕ್ರಾನ್ ತನಕದ ಬೆಳಕನ್ನು. ಬೆಳೆ ಅತಿಹೆಚ್ಚು ಪ್ರತಿಫಲಿಸುವ ಸಮೀಪ ಅತಿಗೆಂಪು ಅದರಾಚೆ ಇದೆ. ಹುಲುಸಾದ ಗದ್ದೆ ಲಿಸ್‌ನಲ್ಲಿ ಬೆಳಗುತ್ತದೆ, ಪ್ಯಾನ್‌ನಲ್ಲಿ ಮಂಕಾಗಿರುತ್ತದೆ. ಮಂಕನ್ನು ತಂದು ಬೆಳಕಿನ ಜಾಗದಲ್ಲಿಟ್ಟರೆ ಒಳ್ಳೆಯ ಬೆಳೆಯೂ ಸೊರಗಿದಂತೆ ತೋರುತ್ತದೆ. ರಸ್ತೆ ಗುರುತಿಸುವವರಿಗೆ ಈ ಚಿತ್ರ ಸಾಕು. ಬೆಳೆ ಅಂದಾಜಿಸುವವರನ್ನು ಅದು ದಾರಿ ತಪ್ಪಿಸುತ್ತದೆ.

ಸೂತ್ರಗಳ ಕಾಲ

ಎರಡನೆಯ ಹಂತದಲ್ಲಿ ಚಿತ್ರವನ್ನು ಪದರಪದರವಾಗಿ ಬಿಡಿಸುವ ಗಣಿತ ಬಂತು. 1983ರಲ್ಲಿ ಬರ್ಟ್ ಮತ್ತು ಅಡೆಲ್ಸನ್ ಲಾಪ್ಲಾಸಿಯನ್ ಪಿರಮಿಡ್ ಪ್ರಕಟಿಸಿದರು. 1995ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಿಂದ ಬಂದ ಲೇಖನವೊಂದು ವೇವ್‌ಲೆಟ್ ಬಳಸಿ ಬೆಸೆಯುವ ಬಗೆಯನ್ನು ತೋರಿಸಿತು. ಅದರ ಮೂವರು ಲೇಖಕರಲ್ಲಿ ಒಬ್ಬರಾದ ಬಿ.ಎಸ್. ಮಂಜುನಾಥ್ ಓದಿದ್ದು ಬೆಂಗಳೂರು ವಿಶ್ವವಿದ್ಯಾಲಯ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.

ಆ ಲೇಖನದ ನಿಯಮ ಇಂದಿಗೂ ಪಾಠವಾಗಿ ನಿಲ್ಲುತ್ತದೆ. ಪ್ರತಿ ಜಾಗದಲ್ಲೂ ಯಾವ ಚಿತ್ರದ ವೇವ್‌ಲೆಟ್ ಗುಣಾಂಕ ದೊಡ್ಡದೋ ಅದನ್ನೇ ಆರಿಸು. ಆಮೇಲೆ ಸುತ್ತ ನೋಡು: ನಡುವಿನ ಬಿಂದು ಒಂದು ಚಿತ್ರದಿಂದ ಬಂದಿದ್ದು, ನೆರೆಯ ಬಹುಪಾಲು ಬಿಂದುಗಳು ಇನ್ನೊಂದರಿಂದ ಬಂದಿದ್ದರೆ, ನಡುವಿನದನ್ನೂ ಬಹುಮತದ ಕಡೆಗೆ ತಿರುಗಿಸು. ಯಾವುದನ್ನು ಆರಿಸಬೇಕು, ಹೇಗೆ ತಿದ್ದಬೇಕು ಎಂಬ ಎರಡನ್ನೂ ಮನುಷ್ಯನೇ ಬರೆದಿಟ್ಟ ಕಾಲ ಅದು.

ಬೆಂಗಳೂರಿನಲ್ಲಿ ಈ ಕೆಲಸ ಪ್ರಯೋಗಾಲಯಗಳಿಗೆ ಹೊಕ್ಕಿತು. ಭಾರತ್ ಎಲೆಕ್ಟ್ರಾನಿಕ್ಸ್‌ನ ಕೇಂದ್ರ ಸಂಶೋಧನಾ ಪ್ರಯೋಗಾಲಯದ ಬಿ.ಕೆ. ಶ್ರೇಯಂಶ ಕುಮಾರ್ ಕ್ರಾಸ್ ಬೈಲ್ಯಾಟರಲ್ ಫಿಲ್ಟರ್ ಬಳಸಿ ರೂಪಿಸಿದ ವಿಧಾನವನ್ನು ನಂತರದ ಸಂಶೋಧಕರು ಇಂದಿಗೂ ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ವಿ.ಪಿ.ಎಸ್. ನಾಯ್ಡು ಮತ್ತು ಜೆ.ಆರ್. ರಾವೋಲ್ 2008ರಲ್ಲಿ ವೇವ್‌ಲೆಟ್ ಮತ್ತು ಪಿಸಿಎ (ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್) ವಿಧಾನಗಳನ್ನು ಮುಖಾಮುಖಿ ನಿಲ್ಲಿಸಿದರು. ರಾವೋಲ್ ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಓದಿ ಬೆಂಗಳೂರಿಗೆ ಬಂದವರು. ಇಬ್ಬರಿಗೂ ಸಿಕ್ಕ ಉತ್ತರ ಕುತೂಹಲಕರ: ಕೆಲವು ಅಳತೆಗೋಲುಗಳ ಪ್ರಕಾರ ವೇವ್‌ಲೆಟ್ ಮೇಲು, ಬೇರೆ ಕೆಲವುಗಳ ಪ್ರಕಾರ ಪಿಸಿಎ ಮೇಲು. ಗೆದ್ದವರು ಯಾರೆಂಬುದನ್ನು ಅಳತೆಗೋಲೇ ತೀರ್ಮಾನಿಸುತ್ತಿತ್ತು.

ಗಾಂಧಿನಗರದ ತಿರುವು

ಡಿಎ-ಐಐಸಿಟಿಯಲ್ಲಿ ಪ್ರಾಧ್ಯಾಪಕರಾದ ಮಂಜುನಾಥ ವಿ. ಜೋಶಿ ಮೈಸೂರು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪದವೀಧರರು. ಲೊರೆಂಜೊ ಬ್ರುಜ್ಜೋನೆ ಮತ್ತು ಸುಭಾಸಿಸ್ ಚೌಧುರಿ ಅವರೊಡನೆ 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಎರಡು ಚಿತ್ರ ಸೇರಿಸುವುದು ಹೇಗೆ ಎನ್ನುವ ಬದಲು, ನಮಗೆ ಬೇಕಾದ ಚೂಪಾದ ಬಣ್ಣದ ಚಿತ್ರ ಈಗಾಗಲೇ ಇದೆಯೆಂದು ಭಾವಿಸಿ. ಉಪಗ್ರಹ ಕಳಿಸಿದ್ದು ಅದರ ಹಾಳಾದ ಪ್ರತಿ. ಹಾಳಾದ ಬಗೆ ತಿಳಿದರೆ ಹಿಂದಕ್ಕೆ ಹೋಗಬಹುದು. ಹಿಂದಕ್ಕೆ ಹೋಗುವ ದಾರಿಗಳು ಹಲವು. ಹಾಗಾಗಿ ಅಕ್ಕಪಕ್ಕದ ಪಿಕ್ಸೆಲ್‌ಗಳ ನಂಟನ್ನು ಹಿಡಿದಿಡುವ ಸಂಭವನೀಯತೆಯ ಮಾದರಿ ಅಲ್ಲಿ ಕಡಿವಾಣ ಹಾಕುತ್ತದೆ. ಜೋಶಿಯವರ ಶಿಷ್ಯ, ಈಗ ಸೂರತ್‌ನ ಎಸ್‌ವಿಎನ್‌ಐಟಿಯಲ್ಲಿರುವ ಕಿಶೋರ್ ಉಪ್ಲಾ ಈ ದಾರಿಯನ್ನು ಮುಂದುವರಿಸಿದರು. 2019ರಲ್ಲಿ ಗುರುಶಿಷ್ಯರ ಪುಸ್ತಕ ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್‌ನಿಂದ ಬಂತು.

ಕೈಯಿಂದ ಬರೆದ ನಿಯಮಕ್ಕೂ ದತ್ತಾಂಶದಿಂದ ಕಲಿಯುವ ಯಂತ್ರಕ್ಕೂ ನಡುವಿನ ಮೆಟ್ಟಿಲು ಇದು.

ಕಲಿಯುವ ಯಂತ್ರ, ಕಲಿಸುವವರು ಯಾರು?

ನ್ಯೂರಲ್ ನೆಟ್‌ವರ್ಕ್ ಕಲಿಯಬೇಕಾದರೆ ಸಾಮಾನ್ಯವಾಗಿ ಪ್ರಶ್ನೆಯ ಜೊತೆ ಉತ್ತರವೂ ಬೇಕು. ಫ್ಯೂಷನ್‌ನಲ್ಲಿ ಉತ್ತರವೇ ಇಲ್ಲ. ಡೀಪ್ ಲರ್ನಿಂಗ್ ಇಲ್ಲಿಗೆ ಬಂದಾಗ ಸಂಶೋಧಕರ ಜಾಣ್ಮೆಯೆಲ್ಲ ಉತ್ತರ ಎಲ್ಲಿಂದ ತರುವುದು ಎಂಬುದಕ್ಕೇ ಖರ್ಚಾಯಿತು.

ಒಂದು ಉಪಾಯವನ್ನು ಲೂಸಿಯಾನ್ ವಾಲ್ಡ್ ಮತ್ತು ಸಂಗಡಿಗರು 1997ರಲ್ಲೇ ಹೇಳಿದ್ದರು. ಪ್ಯಾನ್ ಮತ್ತು ಬಣ್ಣದ ಚಿತ್ರಗಳೆರಡನ್ನೂ ನಾಲ್ಕು ಪಟ್ಟು ಒರಟು ಮಾಡಿ ಬೆಸೆಯಿರಿ. ಮೂಲ ಬಣ್ಣದ ಚಿತ್ರವೇ ಉತ್ತರಪತ್ರಿಕೆಯಾಗುತ್ತದೆ. 2016ರಲ್ಲಿ ನೇಪಲ್ಸ್‌ನ ಮಾಸಿ ಮತ್ತು ಸಂಗಡಿಗರು ಬರೀ ಮೂರು ಪದರಗಳ ನೆಟ್‌ವರ್ಕ್‌ಗೆ ಹೀಗೆ ತರಬೇತಿ ಕೊಟ್ಟು ಹಳೆಯ ಸೂತ್ರಗಳನ್ನು ಹಿಂದಿಕ್ಕಿದರು. ಇದರ ಕೊರತೆಯೂ ಸ್ಪಷ್ಟ: ಒರಟು ಚಿತ್ರದಲ್ಲಿ ಕಲಿತದ್ದು ಚೂಪಾದ ಚಿತ್ರಕ್ಕೂ ಹೊಂದುತ್ತದೆ ಎಂಬ ಖಾತರಿಯಿಲ್ಲ. 2017ರಲ್ಲಿ ಚೀನಾದ ಯು ಲಿಯು ತಂಡ ಉತ್ತರವನ್ನು ತಾನೇ ತಯಾರಿಸಿತು. ಚೂಪಾದ ತುಣುಕನ್ನು ಬೇಕೆಂದೇ ಮಸುಕು ಮಾಡಿ, ಎರಡರಲ್ಲಿ ಯಾವುದು ಫೋಕಸ್‌ನಲ್ಲಿದೆ ಎಂದು ಗುರುತಿಸಲು ಯಂತ್ರಕ್ಕೆ ಕಲಿಸಿತು.

ಅದೇ 2017ರಲ್ಲಿ ಬೆಂಗಳೂರಿನಿಂದ ಡೀಪ್‌ಫ್ಯೂಸ್ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ರಾಮ್ ಪ್ರಭಾಕರ್, ವಿ. ಸಾಯಿ ಶ್ರೀಕರ್ ಮತ್ತು ಆರ್. ವೆಂಕಟೇಶ್ ಬಾಬು ಅದನ್ನು ಕಂಪ್ಯೂಟರ್ ವಿಷನ್‌ನ ಐಸಿಸಿವಿ ಸಮ್ಮೇಳನದಲ್ಲಿ ಮಂಡಿಸಿದರು. ಒಂದೇ ದೃಶ್ಯದ ಎರಡು ಫೋಟೊ. ಒಂದರಲ್ಲಿ ಕಿಟಕಿಯಾಚೆಯ ಆಕಾಶ ಸರಿಯಾಗಿದ್ದು ಕೋಣೆ ಕತ್ತಲು, ಇನ್ನೊಂದರಲ್ಲಿ ಕೋಣೆ ಸರಿಯಿದ್ದು ಆಕಾಶ ಬಿಳಿ. ಹೊಳಪಿನ ಭಾಗವನ್ನು ಮಾತ್ರ ನೆಟ್‌ವರ್ಕ್ ಬೆಸೆಯುತ್ತದೆ, ಬಣ್ಣಕ್ಕೆ ಸರಳ ಸೂತ್ರ ಸಾಕು. ಮೊದಲ ಎರಡು ಪದರಗಳು ಎರಡೂ ಚಿತ್ರಗಳನ್ನು ಒಂದೇ ಬಗೆಯಲ್ಲಿ ಓದುತ್ತವೆ, ಓದಿದ್ದನ್ನು ಕೂಡಿಸಲಾಗುತ್ತದೆ, ಮುಂದಿನ ಮೂರು ಪದರಗಳು ಅದರಿಂದ ಚಿತ್ರ ಕಟ್ಟುತ್ತವೆ. ನಿಜವಾದ ಹೊಸತನ ಕಲಿಸಿದ ಬಗೆಯಲ್ಲಿತ್ತು. ಉತ್ತರಪತ್ರಿಕೆ ಇಲ್ಲವೆಂದು ಅವರು ಅದನ್ನು ಸೃಷ್ಟಿಸಲಿಲ್ಲ. ಅಂಕ ಕೊಡುವವರನ್ನೇ ಕೂರಿಸಿದರು. ಬೆಸೆದ ಚಿತ್ರ ಮೂಲಗಳ ರಚನೆಯನ್ನು ಎಷ್ಟು ಉಳಿಸಿಕೊಂಡಿದೆ ಎಂದು ಅಳೆಯುವ ಎಂಇಎಫ್-ಎಸ್‌ಎಸ್‌ಐಎಂ ಎಂಬ ಅಳತೆ ಆಗಲೇ ಇತ್ತು. ಆ ಅಂಕ ಏರುವಂತೆ ನೆಟ್‌ವರ್ಕ್ ತನ್ನನ್ನು ತಾನೇ ತಿದ್ದಿಕೊಂಡಿತು.

ಮುಂದಿನ ಹೆಜ್ಜೆಗಳು ವೇಗವಾಗಿ ಬಿದ್ದವು. ಅತಿಗೆಂಪು ಮತ್ತು ಸಾಮಾನ್ಯ ಫೋಟೊ ಬೆಸೆಯಲು ಲಿ ಮತ್ತು ವು ಅವರ ಡೆನ್ಸ್‌ಫ್ಯೂಸ್, 2019ರಲ್ಲಿ ವುಹಾನ್‌ನ ಜಿಯಾಯಿ ಮಾ ತಂಡದ ಫ್ಯೂಷನ್‌ಗ್ಯಾನ್, ಹಲವು ಬಗೆಯ ಬೆಸುಗೆಗೆ ಒಂದೇ ಮಾದರಿಯಾಗಿ 2020ರಲ್ಲಿ ಯು2ಫ್ಯೂಷನ್, 2022ರಲ್ಲಿ ಟ್ರಾನ್ಸ್‌ಫಾರ್ಮರ್ ಆಧರಿಸಿದ ಸ್ವಿನ್‌ಫ್ಯೂಷನ್, ಮರುವರ್ಷ ಡಿಫ್ಯೂಷನ್ ಮಾದರಿಗಳು. ಒಳಗಿನ ಯಂತ್ರ ಬದಲಾಗುತ್ತಾ ಹೋಯಿತು. ಉತ್ತರ ಯಾರದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಮೈಸೂರು, ಸೂರತ್, ನಾರ್ವೆ

ಅತಿಗೆಂಪಿನ ಬೆಸುಗೆಯಲ್ಲಿ ಮೈಸೂರಿಗೂ ಪಾಲಿದೆ. ಆರ್. ರಾಘವೇಂದ್ರ, ಅಶೋಕ್ ರಾವ್ ಮತ್ತು ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದ ಜಿ. ಹೇಮಂತ ಕುಮಾರ್, ಫ್ರಾನ್ಸಿನ ಬರ್ನಾಡೆಟ್ ಡೊರಿಜ್ಜಿ ಅವರೊಂದಿಗೆ 2011ರಲ್ಲಿ ಸಮೀಪ ಅತಿಗೆಂಪು ಮತ್ತು ಸಾಮಾನ್ಯ ಬೆಳಕಿನ ಮುಖಚಿತ್ರಗಳನ್ನು ಬೆಸೆದರು. ಅವರು ನೋಡಿದ್ದು ಚಿತ್ರದ ಅಂದವನ್ನಲ್ಲ. ಮುಖ ಗುರುತಿಸುವುದು ಎಷ್ಟು ಸುಧಾರಿಸಿತು ಎಂಬುದನ್ನು. ಬಳಿಕ ರಾಘವೇಂದ್ರ ನಾರ್ವೆಯ ಎನ್‌ಟಿಎನ್‌ಯು ವಿಶ್ವವಿದ್ಯಾಲಯ ಸೇರಿದರು. 2020ರಲ್ಲಿ ಸೂರತ್‌ನ ಉಪ್ಲಾ ತಂಡ ಅವರೊಡನೆ ಥೆರಿಸುರ್‌ನೆಟ್ ರೂಪಿಸಿತು. ಅದು ಉಷ್ಣ ಕ್ಯಾಮೆರಾದ ಒರಟು ಚಿತ್ರವನ್ನು ಹಗುರವಾದ ನೆಟ್‌ವರ್ಕ್‌ನಿಂದ ಚೂಪು ಮಾಡುತ್ತದೆ. ಹಗುರ ಎನ್ನುವುದು ಇಲ್ಲಿ ಮುಖ್ಯ. ವಾಹನದಲ್ಲೋ ಡ್ರೋನ್‌ನಲ್ಲೋ ಕೂರುವ ಚಿಪ್ ಭಾರಿ ಮಾದರಿಗಳನ್ನು ತಾಳಲಾರದು.

ಮೈಸೂರು ತಂಡದ ಆ ನೋಟ ಕಾಲಕ್ಕಿಂತ ಮುಂದಿತ್ತು ಎನ್ನಬೇಕು. 2022ರಲ್ಲಿ ವುಹಾನ್ ತಂಡದ ಸೀಫ್ಯೂಷನ್ ಇದೇ ವಿಚಾರವನ್ನು ತರಬೇತಿಯೊಳಕ್ಕೇ ತಂದಿತು: ಬೆಸೆದ ಚಿತ್ರದಲ್ಲಿ ರಸ್ತೆ, ಕಾರು, ಜನರನ್ನು ವಿಂಗಡಿಸುವಾಗ ಆಗುವ ತಪ್ಪನ್ನೇ ಫ್ಯೂಷನ್ ನೆಟ್‌ವರ್ಕ್‌ಗೆ ಹಿಂತಿರುಗಿಸಿ ಅದನ್ನು ತಿದ್ದುವುದು.

ಮುಂದಿನ ಕೆಲಸ

ಹೊಸ ಲೇಖನಗಳು ಇಂದಿಗೂ ಹತ್ತಾರು ಅಳತೆಗಳ ಕೋಷ್ಟಕ ಹಾಕಿ, ದಪ್ಪಕ್ಷರದ ಅಂಕಿಗಳನ್ನೇ ಗೆಲುವೆಂದು ತೋರಿಸುತ್ತವೆ. 2008ರಲ್ಲಿ ಎನ್‌ಎಎಲ್ ಕಂಡ ಗೊಂದಲ ನೆಟ್‌ವರ್ಕ್ ಬಂದಮೇಲೂ ಕರಗಿಲ್ಲ. ಎರಡು ಕ್ಯಾಮೆರಾಗಳ ಚಿತ್ರ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರದಿದ್ದರೆ ಅಂಚುಗಳಲ್ಲಿ ನೆರಳು ಬರುವ ತೊಂದರೆ ಇನ್ನೂ ಇದೆ. ಡಿಫ್ಯೂಷನ್‌ನಂಥ ಮಾದರಿಗಳು ನೆಲದಲ್ಲಿಲ್ಲದ ವಿವರವನ್ನು ಹುಟ್ಟಿಸಿಬಿಡುವ ಅಪಾಯ ಹೊಸದು. ಫೋಟೊಗೆ ಅದು ಚಂದ, ಹೊಲದ ನಕ್ಷೆಗೆ ಅನಾಹುತ.

ನನ್ನ ಮಟ್ಟಿಗೆ ಹೊರದಾರಿ ಒಂದೇ: ಚಿತ್ರಕ್ಕೆ ಅಂಕ ಕೊಡುವುದನ್ನು ಬಿಟ್ಟು, ಚಿತ್ರದಿಂದ ಆಗುವ ಕೆಲಸಕ್ಕೆ ಅಂಕ ಕೊಡುವುದು. ಅದಕ್ಕೆ ಸಾಮಗ್ರಿ ಈಗ ಕೈಗೆಟುಕುವಂತಿದೆ. 2023ರ ಭಾರತೀಯ ಬಾಹ್ಯಾಕಾಶ ನೀತಿ, 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಇಸ್ರೋ ದೂರಸಂವೇದಿ ಚಿತ್ರಗಳು ಎಲ್ಲರಿಗೂ ಉಚಿತವಾಗಿ ಸಿಗಬೇಕೆಂದು ಹೇಳಿದೆ. ಚಾಂದ್‌ಖೇಡಾದ ವಿದ್ಯಾರ್ಥಿಯಾಗಲಿ, ಮೈಸೂರಿನ ವಿದ್ಯಾರ್ಥಿಯಾಗಲಿ, ಆ ಚಿತ್ರಗಳನ್ನು ಬೆಸೆದು ಹತ್ತಿ ಹೊಲ ಯಾವುದು, ಭತ್ತದ ಗದ್ದೆ ಯಾವುದು ಎಂದು ವಿಂಗಡಿಸಬಹುದು. ಹೊಲಕ್ಕೇ ಹೋಗಿ ತಾಳೆ ನೋಡಬಹುದು. ಬೆಸುಗೆಗೆ ಸರಿಯುತ್ತರ ಇಲ್ಲದಿರಬಹುದು, ಹೊಲದಲ್ಲಿ ಬೆಳೆದಿರುವುದು ಯಾವ ಬೆಳೆ ಎಂಬುದಕ್ಕೆ ಇದ್ದೇ ಇದೆ.