ಸ್ಪೀಕರಿನ ಓಮ್ ಲೆಕ್ಕ: ಮಲೆನಾಡಿನ ಸಣ್ಣ ಆಂಪ್ಲಿಫೈಯರುಗಳ ಹಿನ್ನೆಲೆಯಲ್ಲಿ

ಆಂಪ್ಲಿಫೈಯರಿನಿಂದ ಬರುವ ವಿದ್ಯುತ್ತಿಗೆ ಸ್ಪೀಕರು ಒಡ್ಡುವ ತಡೆಗೆ ಇಂಪೀಡೆನ್ಸ್ ಅಥವಾ ಪ್ರತಿಬಾಧೆ ಎಂದು ಹೆಸರು. ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಎರಡೂ ಕಡೆಯ ಓಮ್ ಸರಿಸಮ ಇರಬೇಕೆಂಬ ನಂಬಿಕೆ ಇಂದಿಗೂ ಬಲವಾಗಿದೆ. ಅದು ವಾಲ್ವ್ ಕಾಲದ ನಿಯಮ, ಆ ಕಾಲಕ್ಕೆ ಸರಿಯೂ ಆಗಿತ್ತು. 1925ರಲ್ಲಿ ರೈಸ್ ಮತ್ತು ಕೆಲಾಗ್ ವಿವರಿಸಿದ ಬಗೆಯ, ಸುರುಳಿ ಚಲಿಸುವ ಸ್ಪೀಕರಿನ ತಡೆ ಕೆಲವೇ ಓಮ್. ಇಎಲ್84ರಂಥ ವಾಲ್ವ್ ಬಯಸುವ ಹೊರೆ ಸುಮಾರು 5,000 ಓಮ್. ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರಲೇಬೇಕಿತ್ತು. 8 ಓಮ್ ಸ್ಪೀಕರಿಗೆ ಅದರ ಸುತ್ತುಗಳ ಅನುಪಾತ 25ಕ್ಕೆ 1. 1965ರಲ್ಲಿ ಭದ್ರಾವತಿ ಆಕಾಶವಾಣಿ ಮಲೆನಾಡಿಗೆ ಹತ್ತಿರದ ನಿಲಯವಾಗಿ ಬರುವ ಹೊತ್ತಿಗೆ ವಾಲ್ವ್ ಹಿಂದೆ ಸರಿದು ಟ್ರಾನ್ಸಿಸ್ಟರ್ ಮನೆ ಹೊಗುತ್ತಿತ್ತು. ಯಂತ್ರ ಬದಲಾಯಿತು, ನಿಯಮ ಮಾತ್ರ ಬಾಯಲ್ಲೇ ಉಳಿಯಿತು.

ಇಂದಿನ ಐಸಿ ಆಂಪ್ಲಿಫೈಯರಿನ ಒಳತಡೆ ಒಂದು ಓಮ್‌ಗಿಂತಲೂ ಎಷ್ಟೋ ಕಡಿಮೆ. ಅದರ ಮೇಲೆ ಬರೆದ 4 ಓಮ್ ಎಂಬುದು ಅದು ತಾಳಬಲ್ಲ ಕನಿಷ್ಠ ಹೊರೆ. ಅದಕ್ಕಿಂತ ಇಳಿದರೆ ಕರೆಂಟ್ ಏರಿ ಐಸಿ ಕಾಯುತ್ತದೆ. ಏರಿದರೆ ಶಕ್ತಿ ತಗ್ಗುತ್ತದೆಯೇ ಹೊರತು ಏನೂ ಸುಡುವುದಿಲ್ಲ. ಒಳತಡೆ ಮತ್ತು ಹೊರೆ ಸಮವಾದಾಗಲೇ ಗರಿಷ್ಠ ಶಕ್ತಿ ಎಂಬ ಪ್ರಮೇಯವನ್ನು ಇದಕ್ಕೆ ಎದುರಾಗಿ ಹೇಳುವವರಿದ್ದಾರೆ. ಪ್ರಮೇಯ ಸರಿ, ಆದರೆ ಅರ್ಧ ಶಕ್ತಿ ಮೂಲದಲ್ಲೇ ಬಿಸಿಯಾಗಿ ಹೋಗುವ ಆ ಸ್ಥಿತಿಯನ್ನು ಯಾವ ಐಸಿಯೂ ತಾಳದು. 12 ವೋಲ್ಟ್ ಬ್ಯಾಟರಿಯ ಸಾದಾ ಆಂಪ್ಲಿಫೈಯರು 4 ಓಮ್‌ಗೆ ಹೆಚ್ಚೆಂದರೆ 4.5 ವ್ಯಾಟ್, 8 ಓಮ್‌ಗೆ 2.25 ವ್ಯಾಟ್ ಕೊಟ್ಟೀತು. ಅರ್ಧ ನಷ್ಟವಾಯಿತಲ್ಲ ಎಂದರೆ, ಕಿವಿಗೆ ಅದು ಕೇವಲ 3 ಡೆಸಿಬಲ್; ಸದ್ದು ಅರ್ಧವಾದಂತೆ ಕೇಳಲು ಸುಮಾರು 10 ಡೆಸಿಬಲ್ ಇಳಿಯಬೇಕು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ನಿಜವಾದ ತೊಡಕು ತಂತಿಯದು. ಅಡಿಕೆ ತೋಟಗಳ ನಡುವೆ ಮನೆಗಳು ಚದುರಿವೆ; ಜಾತ್ರೆಗೋ ಯಕ್ಷಗಾನ ಬಯಲಾಟಕ್ಕೋ ಹಾರ್ನನ್ನು ದೂರದ ಮರಕ್ಕೆ ಕಟ್ಟಬೇಕಾಗುತ್ತದೆ. 200 ಮೀಟರ್ ದೂರಕ್ಕೆ 1 ಚದರ ಮಿಲಿಮೀಟರಿನ ತಾಮ್ರದ ಜೋಡಿ ತಂತಿ ಎಳೆದರೆ, ಹೋಗಿಬರುವ 400 ಮೀಟರಿನ ತಡೆ ಸುಮಾರು 7 ಓಮ್. 8 ಓಮ್ ಹಾರ್ನಿಗೆ ಕಳಿಸಿದ ಶಕ್ತಿಯಲ್ಲಿ ಹತ್ತಿರಹತ್ತಿರ ಅರ್ಧ ದಾರಿಯಲ್ಲೇ ಮುಗಿಯಿತು. 100 ವೋಲ್ಟ್ ಲೈನ್ ಇದಕ್ಕೆ ಸಿಕ್ಕ ಪರಿಹಾರ: 10 ವ್ಯಾಟ್ ಲೈನ್ ಟ್ರಾನ್ಸ್‌ಫಾರ್ಮರ್ ತೊಟ್ಟ ಹಾರ್ನು ಆಂಪ್ಲಿಫೈಯರಿಗೆ 1,000 ಓಮ್‌ನಂತೆ ಕಾಣುತ್ತದೆ, ಅದೇ ತಂತಿಯ ನಷ್ಟ ನೂರರಲ್ಲಿ ಒಂದಕ್ಕೂ ಕಡಿಮೆ. ಟ್ರಾನ್ಸ್‌ಫಾರ್ಮರ್ ಮಂದ್ರ ಸ್ವರವನ್ನು ನುಂಗುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಹಾರ್ನಿಗೆ ಮಂದ್ರ ಮೊದಲೇ ಒಗ್ಗದು. ಭಾಗವತರ ಪದ, ಅರ್ಥಗಾರಿಕೆಯ ಮಾತು ದೂರ ಮುಟ್ಟುವುದೇ ಅಲ್ಲಿ ಮುಖ್ಯ.

ಮನೆಯ ಸಣ್ಣ ಸೆಟ್ಟಿಗೆ ಇಷ್ಟೆಲ್ಲ ಬೇಡ. ಮಲ್ಟಿಮೀಟರ್ 8 ಓಮ್ ಸ್ಪೀಕರಿಗೆ 6 ಓಮ್ ತೋರಿಸಿದರೆ ಸ್ಪೀಕರು ಕೆಟ್ಟಿಲ್ಲ. ಮೀಟರು ಅಳೆಯುವುದು ಸುರುಳಿಯ ಡಿಸಿ ತಡೆಯನ್ನು ಮಾತ್ರ. 8 ಓಮ್‌ನ ಎರಡು ಸ್ಪೀಕರುಗಳನ್ನು ಪ್ಯಾರಲಲ್ ಸೇರಿಸಿದರೆ 4 ಓಮ್, ಮೂರನೆಯದು ಸೇರಿದರೆ 2.7. ಎರಡನೆಯದನ್ನು ಸೇರಿಸುವ ಮುನ್ನ ಆಂಪ್ಲಿಫೈಯರಿನ ಕನಿಷ್ಠ ಓಮ್ ಎಷ್ಟೆಂದು ಒಮ್ಮೆ ನೋಡಿಕೊಳ್ಳಿ.