ದೊರಾಜಿ ಬೇರು: ಕೊರಿಯದ ಕಷಾಯ ಮತ್ತು ನಮ್ಮ ಕೆಮ್ಮು

ಚಳಿಗಾಲ ಕಾಲಿಟ್ಟಿತೆಂದರೆ ನಮ್ಮ ಸದಸ್ಯರ ಮನೆಮನೆಯಲ್ಲೂ ಕೆಮ್ಮಿನ ಸದ್ದು. ಊರಿನಿಂದ ತಂದ ಜ್ಯೇಷ್ಠಮಧು, ಮೆಣಸು, ಶುಂಠಿಗಳ ಡಬ್ಬ ಕಪಾಟಿನಿಂದ ಕೆಳಗಿಳಿಯುತ್ತದೆ. ನಾವು ತರಕಾರಿಗೆಂದು ಹೋಗುವ ಕೊರಿಯನ್ ಅಂಗಡಿಯಲ್ಲಿ ಬಿಳಿ ಬೇರಿನ ಒಣ ಚೂರುಗಳ ಪೊಟ್ಟಣಗಳಿರುತ್ತವೆ. ಅದರ ಹೆಸರು ದೊರಾಜಿ. ಗಂಟೆಯಾಕಾರದ ಹೂ ಬಿಡುವ ಗಿಡದ ಬೇರು. ಕೊರಿಯನ್ನರು ಅದನ್ನು ಉಪ್ಪಿನಲ್ಲಿ ತಿಕ್ಕಿ, ಕಹಿ ತೆಗೆದು ಪಲ್ಯ ಮಾಡುತ್ತಾರೆ; ಕೆಮ್ಮು ಕಫಕ್ಕೆ ಕಷಾಯ ಕಾಸುತ್ತಾರೆ. ಈ ಬೇರಿನ ಹಿಂದಿರುವ ಚರಿತ್ರೆಯನ್ನು ಓದುಗ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

1592ರಲ್ಲಿ ಜಪಾನಿನ ಸೇನೆ ಕೊರಿಯದ ಮೇಲೆ ದಂಡೆತ್ತಿ ಬಂದಿತು. ಊರುಗಳು ಹಾಳಾದವು, ರೋಗರುಜಿನ ಹಬ್ಬಿತು. 1596ರಲ್ಲಿ ದೊರೆ ಸೊಂಜೊ ತನ್ನ ಆಸ್ಥಾನವೈದ್ಯ ಹೊ ಜುನ್‌ಗೆ ಒಂದು ವೈದ್ಯಗ್ರಂಥ ರಚಿಸಲು ಅಪ್ಪಣೆ ಕೊಟ್ಟನು. ಮರುವರ್ಷವೇ ಮತ್ತೆ ಯುದ್ಧವಾಗಿ, ಜೊತೆಗಿದ್ದ ವೈದ್ಯರು ಚದುರಿಹೋದರು. ಹೊ ಜುನ್ ಕೆಲಸ ಬಿಡಲಿಲ್ಲ. 1608ರಲ್ಲಿ ದೊರೆ ತೀರಿಕೊಂಡಾಗ ಆ ತಪ್ಪನ್ನು ವೈದ್ಯನ ತಲೆಗೆ ಕಟ್ಟಿ ಗಡೀಪಾರು ಮಾಡಿದರು. ಅಷ್ಟಾದರೂ 1610ರಲ್ಲಿ ಗ್ರಂಥ ಮುಗಿಯಿತು. 1613ರಲ್ಲಿ 25 ಸಂಪುಟಗಳಾಗಿ ಅಚ್ಚಾಯಿತು. ಇದೇ 'ದೊಂಗುಯಿ ಬೊಗಾಮ್'. 2009ರಲ್ಲಿ ಯುನೆಸ್ಕೊ ಇದನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ಕನ್ನಡಿಗರಾದ ನಮಗೆ ಮೆಚ್ಚುಗೆಯಾಗುವ ಸಂಗತಿ ಇನ್ನೊಂದಿದೆ. ಗ್ರಂಥ ಪಂಡಿತರ ಚೀನೀ ಲಿಪಿಯಲ್ಲಿದೆ. ಆದರೆ ನಾಡಿನ ಗಿಡಮೂಲಿಕೆಗಳ ಹೆಸರುಗಳನ್ನು ಜನರ ಲಿಪಿಯಾದ ಹಂಗುಲ್‌ನಲ್ಲೂ ಬರೆದಿದ್ದಾರೆ. ದೂರದಿಂದ ದುಬಾರಿ ಮದ್ದು ತರಿಸಲಾಗದ ಬಡವನೂ ತನ್ನ ಹೊಲದಂಚಿನ ಗಿಡವನ್ನು ಗುರುತಿಸಲೆಂಬುದು ಉದ್ದೇಶ.

ದೊರಾಜಿ ಮತ್ತು ಜ್ಯೇಷ್ಠಮಧು ಕೂಡಿದ ಕಷಾಯ ಇನ್ನೂ ಹಳೆಯದು. ಸುಮಾರು 1800 ವರ್ಷಗಳ ಹಿಂದೆ ಚೀನಾದ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯನ ಹೆಸರಿನಲ್ಲಿ ಬಂದದ್ದು. ಗಂಟಲುನೋವಿಗೆ, ಶ್ವಾಸಕೋಶದಲ್ಲಿ ಕೀವಾದಾಗ ಕೊಡುತ್ತಿದ್ದರು. ನಮ್ಮ ಅಜ್ಜಿಯರ ಡಬ್ಬದಲ್ಲಿದ್ದುದೂ ಇದೇ ಜ್ಯೇಷ್ಠಮಧುವಿನ ಸೋದರ ಗಿಡವಲ್ಲವೇ!

ಈಗಿನ ವಿಜ್ಞಾನ ಏನೆನ್ನುತ್ತದೆ? ದೊರಾಜಿಯಲ್ಲಿ ನೊರೆಗರೆಯುವ ಸಪೋನಿನ್‌ಗಳಿವೆ. ಇವು ಕಫವನ್ನು ತೆಳುವಾಗಿಸಿ ಹೊರಬರಲು ನೆರವಾಗುತ್ತವೆ. ಅವುಗಳಲ್ಲೊಂದು ಪ್ಲಾಟಿಕೊಡಿನ್-ಡಿ. ಬ್ಯಾಕ್ಟೀರಿಯಾದ ವಿಷಾಂಶದಿಂದ ಇಲಿಗಳ ಶ್ವಾಸಕೋಶವನ್ನು ಕೆರಳಿಸಿ ಇದನ್ನು ಕೊಟ್ಟಾಗ ಉರಿಯೂತ ತಗ್ಗಿತು. ಉರಿಯೂತವನ್ನು ಹೊತ್ತಿಸುವ ರಾಸಾಯನಿಕಗಳೂ ಕಡಿಮೆಯಾದವು. ಆದರೆ ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲೂ ನಿಜವಾಗಬೇಕೆಂದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಕಥೆಯನ್ನೂ ಹೇಳಲೇಬೇಕು. ಕೊರಿಯದಲ್ಲಿ ಸೊಶಿಹೊ-ತಾಂಗ್, ಜಪಾನಿನಲ್ಲಿ ಶೊ-ಸೈಕೊ-ತೊ ಎಂದು ಕರೆಯುವ ಏಳು ಮೂಲಿಕೆಗಳ ಪ್ರಾಚೀನ ಕಷಾಯವೊಂದಿದೆ. ಉರಿಯೂತ ಶಮನಕ್ಕೆ ಹೆಸರಾದದ್ದು. ಜಪಾನಿನಲ್ಲಿ ಯಕೃತ್ತಿನ ರೋಗಿಗಳಿಗೆ ಅದನ್ನು ಧಾರಾಳವಾಗಿ ಕೊಟ್ಟರು. ಕೆಲವರಿಗೆ ಶ್ವಾಸಕೋಶದಲ್ಲೇ ಉರಿಯೂತ ಎದ್ದಿತು! 1996ರ ಮಾರ್ಚ್‌ನಲ್ಲಿ ಅಲ್ಲಿನ ಆರೋಗ್ಯ ಇಲಾಖೆ ತುರ್ತು ಎಚ್ಚರಿಕೆ ಹೊರಡಿಸಿದಾಗ ಲೆಕ್ಕಕ್ಕೆ ಬಂದಿದ್ದವರು 88 ಮಂದಿ. ಅವರಲ್ಲಿ 10 ಮಂದಿ ತೀರಿಕೊಂಡಿದ್ದರು.

'ಗಿಡಮೂಲಿಕೆ ತಾನೇ, ಏನಾದೀತು?' ಎಂದು ನಾವೂ ಹೇಳುವುದುಂಟು. ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ರಕ್ತದೊತ್ತಡದ ಗುಳಿಗೆ ಒಂದು ಕಡೆ, ಜ್ಯೇಷ್ಠಮಧುವಿನ ಕಷಾಯ ಇನ್ನೊಂದು ಕಡೆ ನಡೆದಿರುತ್ತದೆ. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಇಲ್ಲಿಯ ಡಾಕ್ಟರು ನಕ್ಕಾರೆಂಬ ಸಂಕೋಚದಿಂದ ಕಷಾಯದ ವಿಷಯವನ್ನು ಮುಚ್ಚಿಡುವವರು ನಮ್ಮಲ್ಲಿ ಕಡಿಮೆಯಿಲ್ಲ. ದಯವಿಟ್ಟು ಹಾಗೆ ಮಾಡಬಾರದು. ಕುಡಿಯುವುದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸೋಣ. ಜ್ವರ, ಏದುಸಿರು ಇದ್ದರೆ ಕಷಾಯಕ್ಕೆ ಕಾಯದೆ ಆಸ್ಪತ್ರೆಗೆ ಹೋಗೋಣ.

ಹೊ ಜುನ್ ಮದ್ದಿನ ಹೆಸರನ್ನು ಜನರಿಗೆ ತಿಳಿಯುವಂತೆ ಬರೆದಿಟ್ಟನು. ನಮ್ಮ ಮನೆಯ ಡಬ್ಬದಲ್ಲಿರುವ ಬೇರುಗಳ ಹೆಸರು, ಗುಣ, ಮಿತಿಗಳನ್ನು ನಾವೂ ಮಕ್ಕಳಿಗೆ ಕನ್ನಡದಲ್ಲೇ ತಿಳಿಸಿಕೊಡೋಣ.