ಎರಡು ಪಥ್ಯಗಳ ನಡುವಿನ ರೋಗಿ: ಕ್ಷಯ ಮತ್ತು ಸಕ್ಕರೆ ಕಾಯಿಲೆಯ ಜಂಟಿ ಚರಿತ್ರೆ

ಇನ್ಸುಲಿನ್ ಬರುವ ಮೊದಲಿನ ಕೆಲವು ವರ್ಷ ಸಕ್ಕರೆ ಕಾಯಿಲೆಗೆ ವೈದ್ಯರ ಬಳಿ ಇದ್ದ ಮುಖ್ಯ ಚಿಕಿತ್ಸೆ ಉಪವಾಸ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಫ್ರೆಡರಿಕ್ ಆಲೆನ್ ರೂಪಿಸಿದ ಪಥ್ಯದಲ್ಲಿ ಮೂತ್ರದಿಂದ ಸಕ್ಕರೆ ಮಾಯವಾಗುವ ತನಕ ರೋಗಿಗೆ ಊಟವಿರಲಿಲ್ಲ. ಆಮೇಲೆ ಸಿಗುತ್ತಿದ್ದದ್ದೂ ಜೀವ ಹಿಡಿದುಕೊಳ್ಳುವಷ್ಟು. ಅದೇ ಕಾಲದ ಕ್ಷಯದ ಸ್ಯಾನಟೋರಿಯಂಗಳಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಹಾಲು, ಮೊಟ್ಟೆ, ಬೆಣ್ಣೆಯನ್ನು ಒತ್ತಾಯ ಮಾಡಿ ತಿನ್ನಿಸುತ್ತಿದ್ದರು. ತೂಕದ ಯಂತ್ರದ ಮುಳ್ಳು ಮೇಲೇರಿದರೆ ಅದೇ ಚೇತರಿಕೆಯ ಗುರುತು. ಇನ್ನು ಎರಡೂ ಕಾಯಿಲೆ ಒಂದೇ ಮೈಯಲ್ಲಿ ಕೂಡಿದವನ ಗತಿ? ಒಂದರ ಪಥ್ಯ ಇನ್ನೊಂದಕ್ಕೆ ಅಪಥ್ಯ. ಸಹರೋಗವೆಂದರೆ ಒಂದು ರೋಗಕ್ಕೆ ಇನ್ನೊಂದನ್ನು ಕೂಡಿಸಿದ ಮೊತ್ತವಲ್ಲ, ಎರಡು ಚಿಕಿತ್ಸೆಗಳ ಜಗಳವೂ ಹೌದು ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ವೈದ್ಯಕೀಯ ಚರಿತ್ರೆಯಲ್ಲಿ ಸಿಗುವುದು ಕಷ್ಟ. ಈ ಜೋಡಿಯ ಅರಿವು ಹೊಸದೇನಲ್ಲ. ತಿಳಿದದ್ದು ಹಿಂದೆ ಸರಿದು ಅರ್ಧ ಶತಮಾನದ ಮೇಲೆ ಮರಳಿ ಬಂತು. ಹಾಗೆ ಸರಿಸಿದ್ದು ಅಜ್ಞಾನವಲ್ಲ, ಒಂದೊಂದು ರೋಗಕ್ಕೆ ಒಂದೊಂದು ವ್ಯವಸ್ಥೆ ಕಟ್ಟಿದ ವೈದ್ಯಕೀಯದ ಗೆಲುವೇ ಎಂಬುದು ಇಲ್ಲಿನ ವಾದ.

ಇಂಥ ಮಾತು ಬಂದಾಗಲೆಲ್ಲ ನಮ್ಮ ಪ್ರಾಚೀನರಿಗೆ ಇದೆಲ್ಲ ಗೊತ್ತಿತ್ತು ಎನ್ನುವವರಿದ್ದಾರೆ. ಅರ್ಧ ನಿಜ. ಒಂದು ರೋಗವೇ ಇನ್ನೊಂದು ರೋಗಕ್ಕೆ ಕಾರಣವಾಗುವುದನ್ನು ಚರಕಸಂಹಿತೆಯ ನಿದಾನಸ್ಥಾನ ಚರ್ಚಿಸುತ್ತದೆ. ಜ್ವರದ ತಾಪದಿಂದ ರಕ್ತ ಸುರಿಯುವ ರಕ್ತಪಿತ್ತ, ಅವೆರಡರಿಂದ ಮೈ ಸೊರಗಿಸುವ ಶೋಷ ಎಂಬ ಸರಪಳಿಯನ್ನು ಕೊಡುತ್ತದೆ. ಹೀಗೆ ಕಾರಣವಾದ ರೋಗ ಕೆಲವೊಮ್ಮೆ ಶಮನವಾಗುತ್ತದೆ, ಕೆಲವೊಮ್ಮೆ ತಾನೂ ಉಳಿದು ಮತ್ತೊಂದನ್ನೂ ಉಳಿಸುತ್ತದೆ ಎಂಬ ಸೂಕ್ಷ್ಮವೂ ಅಲ್ಲಿದೆ. ಆದರೆ ಈ ಚಿಂತನೆ ಕಾರಣ ಮತ್ತು ಕಾರ್ಯದ ಸರಪಳಿಯದು. ಆಯುರ್ವೇದದ ಉಪದ್ರವ ಎಂಬ ಮಾತಿನಲ್ಲೇ ಒಂದು ಯಜಮಾನ ರೋಗ, ಅದರ ಬೆನ್ನಿಗೆ ಬಂದ ಇನ್ನೊಂದು ಎಂಬ ಭಾವವಿದೆ. ಬೇರೆ ಬೇರೆ ಮೂಲದ ಎರಡು ರೋಗ ಸರಿಸಮವಾಗಿ ಕೂತು ಒಂದರ ಔಷಧಿಯನ್ನು ಇನ್ನೊಂದು ಕೆಡಿಸುವ ಸಂಗತಿ ಅದರೊಳಗೆ ಪೂರ್ತಿ ಹಿಡಿಸುವುದಿಲ್ಲ. ಶೋಷವನ್ನು ಇಂದಿನ ಕ್ಷಯದೊಂದಿಗೆ, ಪ್ರಮೇಹವನ್ನು ಇಂದಿನ ಮಧುಮೇಹದೊಂದಿಗೆ ನೇರವಾಗಿ ಸಮೀಕರಿಸುವುದೂ ಅವಸರವೇ.

ಆಧುನಿಕ ವೈದ್ಯಕೀಯದಲ್ಲಿ ಈ ಜೋಡಿಗೆ ಗಟ್ಟಿ ಆಧಾರ ಒದಗಿಸಿದವರಲ್ಲಿ ಬಾಸ್ಟನ್ನಿನ ಹೋವರ್ಡ್ ರೂಟ್ ಮುಖ್ಯರು. 1934ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಹೆಚ್ಚಿನ ರೋಗಿಗಳಿಗೆ ಸಕ್ಕರೆ ಕಾಯಿಲೆ ಮೊದಲು ಬಂದು ಕ್ಷಯ ಆಮೇಲೆ ತಗಲಿದ್ದು, ಸಕ್ಕರೆ ಹತೋಟಿ ತಪ್ಪಿದವರಲ್ಲಿ ಅಪಾಯ ಹೆಚ್ಚಿದ್ದು ಕಂಡುಬಂತು. ಕಾಲವನ್ನು ಗಮನಿಸಬೇಕು. ಇನ್ಸುಲಿನ್ ಮನುಷ್ಯರ ಮೇಲೆ ಮೊದಲು ಪ್ರಯೋಗವಾದದ್ದು 1922ರಲ್ಲಿ. ಆಲೆನ್ ಪಥ್ಯದ ಉಪವಾಸ ತಪ್ಪಿ ಸಕ್ಕರೆ ರೋಗಿ ಬದುಕತೊಡಗಿದ. ಬದುಕಿದವನಿಗೇ ತಾನೆ ಇನ್ನೊಂದು ಕಾಯಿಲೆ ಬರಲು ಸಮಯವಿರುವುದು! ಸಹರೋಗ ಒಂದರ್ಥದಲ್ಲಿ ಚಿಕಿತ್ಸೆಯ ಕೂಸು. ಆದರೆ ಮುಂದಿನ ಎರಡು ದಶಕಗಳಲ್ಲಿ ಸ್ಟ್ರೆಪ್ಟೊಮೈಸಿನ್, ಆಮೇಲೆ 1952ರಲ್ಲಿ ಐಸೊನಿಯಜಿಡ್ ಬಂದು ಕ್ಷಯವೂ ವಾಸಿಯಾಗುವ ಕಾಯಿಲೆಯಾದಾಗ ರೂಟ್ ಎತ್ತಿದ ಪ್ರಶ್ನೆಯ ತುರ್ತು ಕರಗಿತು.

ಈ ಹಿನ್ನಡೆಯ ಮುಖ್ಯ ಅಧ್ಯಾಯ ನಡೆದದ್ದು ನಮ್ಮ ನೆರೆಯಲ್ಲೇ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಪ್ರಯೋಗ ಸ್ಯಾನಟೋರಿಯಂ ರೋಗಿಗಳನ್ನೂ ಮನೆಯಲ್ಲೇ ಇದ್ದು ಮಾತ್ರೆ ನುಂಗಿದ ಬಡ ರೋಗಿಗಳನ್ನೂ ಹೋಲಿಸಿತು. ಇಕ್ಕಟ್ಟಿನ ಮನೆ, ಅರೆಹೊಟ್ಟೆ ಊಟದ ನಡುವೆಯೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು ಎಂದು 1959ರಲ್ಲಿ ವರದಿಯಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿ ಕಟ್ಟಿದ ತಿಳುವಳಿಕೆಯ ಮೇಲೆ 1962ರ ರಾಷ್ಟ್ರೀಯ ಕಾರ್ಯಕ್ರಮ ನಿಂತಿತು. ಹಾಸಿಗೆ ಬೇಡ, ಬೆಟ್ಟದ ಗಾಳಿ ಬೇಡ, ವಿಶೇಷ ಊಟ ಬೇಡ, ಮಾತ್ರೆ ಸಾಕು: ಬಡ ದೇಶಕ್ಕೆ ಇದು ನಿಜಕ್ಕೂ ವಿಮೋಚನೆ. ಆದರೆ ಈ ಸೂತ್ರದ ಶಕ್ತಿಯಿದ್ದದ್ದು ಎಲ್ಲ ರೋಗಿಗಳನ್ನೂ ಒಂದೇ ಅಚ್ಚಿನಲ್ಲಿ ನೋಡುವುದರಲ್ಲಿ. ಕ್ಷಯದ ಜೊತೆ ಇನ್ನೇನಿದೆ ಎಂದು ಕೇಳುತ್ತ ಕೂತರೆ ಅಚ್ಚು ಒಡೆಯುತ್ತಿತ್ತು. ಅಮೆರಿಕದ ಆಲ್ವನ್ ಫೈನ್‌ಸ್ಟೈನ್ 1970ರಲ್ಲಿ ಸಹರೋಗಕ್ಕೆ ಇಂಗ್ಲಿಷಿನಲ್ಲಿ ಪಾರಿಭಾಷಿಕ ಹೆಸರಿಟ್ಟಾಗ ಅವರ ದೂರೂ ಇದೇ ಆಗಿತ್ತು: ಜೊತೆಗಿರುವ ರೋಗವನ್ನು ಲೆಕ್ಕಕ್ಕೆ ಹಿಡಿಯದೆ ಎರಡು ಗುಂಪುಗಳ ಚಿಕಿತ್ಸಾಫಲವನ್ನು ಹೋಲಿಸಿದರೆ ಅಂಕಿಸಂಖ್ಯೆ ಸುಳ್ಳಾಡುತ್ತದೆ. ಆದರೂ ಅವರ ವ್ಯಾಖ್ಯೆಯಲ್ಲಿ ಒಂದು ರೋಗ ಕೇಂದ್ರದಲ್ಲೇ ಉಳಿಯಿತು, ಉಳಿದವು ಅದರ ಸುತ್ತ. ಉಪದ್ರವದ ಯಜಮಾನಿಕೆ ಇಲ್ಲಿಯೂ ಪೂರ್ತಿ ತೊಲಗಲಿಲ್ಲ.

ಈ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಆಗ ಭಾರತದಲ್ಲಿ ಸಕ್ಕರೆ ಕಾಯಿಲೆಯೇ ವಿರಳ; ಇಲ್ಲದ ಜೋಡಿಯನ್ನು ಕಡೆಗಣಿಸಿದರೆಂದು ದೂರುವುದು ಯಾವ ನ್ಯಾಯ? 1970ರ ದಶಕದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆಯಲ್ಲಿ ನಗರಗಳಲ್ಲೂ ಅದರ ಪ್ರಮಾಣ ಶೇ. 2ರ ಆಸುಪಾಸಿತ್ತು, 2023ರಲ್ಲಿ ಅದೇ ಮಂಡಳಿಯ ಅಧ್ಯಯನ ದೇಶದ ವಯಸ್ಕರಲ್ಲಿ ಕಂಡದ್ದು ಶೇ. 11.4, ಅಂದರೆ ಸುಮಾರು 10 ಕೋಟಿ ಜನ. ಹಾಗಾಗಿ 1962ರ ಯೋಜಕರನ್ನು ದೂಷಿಸುವುದು ಸಲ್ಲದು. ಆದರೆ ಸಂಖ್ಯೆಯೊಂದೇ ವಿವರಣೆಯಾಗಿದ್ದರೆ ಸಕ್ಕರೆ ಏರುತ್ತಿದ್ದ 1980, 90ರ ದಶಕಗಳಲ್ಲೇ ಎರಡು ಚಿಕಿತ್ಸೆಗಳು ಕೈಜೋಡಿಸಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ಮಾರ್ಗಸೂಚಿ ಬಂದದ್ದು 2011ರಲ್ಲಿ, ಭಾರತದ ರಾಷ್ಟ್ರೀಯ ಚೌಕಟ್ಟು 2017ರಲ್ಲಿ. ಸಕ್ಕರೆ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಸುಮಾರು ಮೂರು ಪಟ್ಟು ಎಂದು 2008ರ ವ್ಯವಸ್ಥಿತ ವಿಶ್ಲೇಷಣೆಯೊಂದು ತೋರಿಸುವ ವೇಳೆಗೆ ರೂಟ್ ಬರೆದು ಎಪ್ಪತ್ತು ವರ್ಷ ದಾಟಿತ್ತು. ಈ ವಿಳಂಬಕ್ಕೆ ಕಾರಣ ಪ್ರತ್ಯೇಕ ವಿಭಾಗ, ಪ್ರತ್ಯೇಕ ಹಣ, ಪ್ರತ್ಯೇಕ ರಿಜಿಸ್ಟರ್. ಸಾಂಕ್ರಾಮಿಕ ಒಂದು ಬಾಗಿಲು, ಅಸಾಂಕ್ರಾಮಿಕ ಇನ್ನೊಂದು.

ರೋಗಿಯ ಮೈಯಲ್ಲಿ ಮಾತ್ರ ಇಂಥ ಬಾಗಿಲಿಲ್ಲ. ಕ್ಷಯದ ಮುಖ್ಯ ಔಷಧಿ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕಾಗಿಸುತ್ತದೆ. ಸಕ್ಕರೆಯ ಹಲವು ಮಾತ್ರೆಗಳು ಅಲ್ಲಿ ಬೇಗ ಕರಗಿ ಹೋಗುತ್ತವೆ, ನುಂಗಿದ ಪ್ರಮಾಣ ಸಾಲದಾಗುತ್ತದೆ. ಐಸೊನಿಯಜಿಡ್ ನರಗಳಿಗೆ ತೊಂದರೆ ಕೊಡಬಲ್ಲದು, ಸಕ್ಕರೆಯೂ ಅದನ್ನೇ ಮಾಡುತ್ತದೆ; ಪಾದದ ಜೋಮು ಯಾರ ಕೆಲಸವೆಂದು ಹೇಳುವುದು ಕಷ್ಟ. ಕ್ಷಯದ ಸೋಂಕೇ ತಾತ್ಕಾಲಿಕವಾಗಿ ಸಕ್ಕರೆ ಏರಿಸುವುದರಿಂದ, ಚಿಕಿತ್ಸೆಯ ಮೊದಲ ದಿನದ ರಕ್ತಪರೀಕ್ಷೆ ನೋಡಿ ಮಧುಮೇಹವೆಂದು ಷರಾ ಬರೆದರೆ ತಪ್ಪಲೂಬಹುದು. ಇಬ್ಬರು ವೈದ್ಯರು ಎರಡು ಚೀಟಿ ಬರೆದು ಒಬ್ಬರನ್ನೊಬ್ಬರು ಕೇಳದೇ ಇದ್ದಾಗ ಈ ಮೂರು ಕಡೆಯೂ ಎಡವಟ್ಟಾಗುತ್ತದೆ. ಸಕ್ಕರೆ ಇರುವ ಕ್ಷಯರೋಗಿಗಳಲ್ಲಿ ಸಾವಿನ ಅಪಾಯ ಹೆಚ್ಚು, ಮರುಕಳಿಕೆಯೂ ಹೆಚ್ಚು ಎಂದು ತೋರಿಸಿದ ವಿಶ್ಲೇಷಣೆಗಳ ಹಿಂದೆ ರೋಗದ ಬಲ ಎಷ್ಟು, ಈ ಎರಡು ಚೀಟಿಗಳ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು.

1959ರಲ್ಲಿ ಹೊರಗೆ ಕಳಿಸಿದ ಊಟದ ತಟ್ಟೆ ಈಗ ಮರಳಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗ, ಕ್ಷಯರೋಗಿಗಳ ಮನೆಮಂದಿಗೆ ಹೆಚ್ಚಿನ ಆಹಾರ ಕೊಟ್ಟಾಗ ಅವರಲ್ಲಿ ಕ್ಷಯ ಗಣನೀಯವಾಗಿ ತಗ್ಗಿದ್ದನ್ನು ತೋರಿಸಿತು. ಮದ್ರಾಸಿನ ತೀರ್ಮಾನಕ್ಕೆ ಇದು ವಿರುದ್ಧವಲ್ಲ. ಅಲ್ಲಿ ಕೇಳಿದ್ದು ಮಾತ್ರೆ ನುಂಗುವವನು ಗುಣವಾಗುತ್ತಾನೆಯೇ ಎಂದು, ಇಲ್ಲಿ ಕೇಳಿದ್ದು ಪಕ್ಕದಲ್ಲಿ ಮಲಗುವವನು ರೋಗಿಯಾಗದೆ ಉಳಿಯುತ್ತಾನೆಯೇ ಎಂದು. ಆದರೆ ಅಪೌಷ್ಟಿಕತೆಯೂ ಒಂದು ಸಹರೋಗವೆಂದು ಒಪ್ಪಿದ ಕೂಡಲೇ ಹಳೆಯ ತಕರಾರು ಹೊಸ ರೂಪದಲ್ಲಿ ಎದುರಾಗುತ್ತದೆ. ಸೊರಗಿದ ಕ್ಷಯರೋಗಿಗೆ ಅಕ್ಕಿ, ಬೇಳೆ, ಹಾಲಿನ ಪುಡಿಯ ಪೊಟ್ಟಣ ಕೈಗಿಡುವಾಗ ಅವನ ರಕ್ತದಲ್ಲಿ ಸಕ್ಕರೆ ಇನ್ನೂರೈವತ್ತು ದಾಟಿದ್ದರೆ ಪೊಟ್ಟಣದಲ್ಲಿ ಅಕ್ಕಿಯೆಷ್ಟು, ಬೇಳೆಯೆಷ್ಟು ಇರಬೇಕೆಂದು ಕ್ಷಯದ ವಿಭಾಗದವರು ಸಕ್ಕರೆಯ ವಿಭಾಗದವರನ್ನು ಕೇಳಿಯೇ ತುಂಬಬೇಕಾಗುತ್ತದೆ.